ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಪೆಟ್ರೋಲ್ ಖರ್ಚು ತಡೆಯೋಕಾಗುತ್ತಿಲ್ಲ, ಬೇರೆ ಯಾವ ಇಂಧನಕ್ಕೆ ಹೋಗೋಣ ಅಂತ. ಅದರಲ್ಲಿ ಐದು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ (ಡೊಂಬಿವಲಿ): ಐರೋಳಿಯ ಆಫೀಸಿಗೆ ಹೋಗಿ ಬರೋಕೆ ದಿನಕ್ಕೆ ಸುಮಾರು 50 ಕಿ.ಮೀ. ಆಗುತ್ತದೆ. ವರ್ಷಕ್ಕೊಮ್ಮೆ ಮಕ್ಕಳ ರಜೆಯಲ್ಲಿ ಕುಂದಾಪುರಕ್ಕೆ ಕಾರಲ್ಲೇ ಹೋಗುತ್ತೇವೆ. ಸಿಎನ್‌ಜಿ ತಗೊಳ್ಳೋದಾ, ಎಲೆಕ್ಟ್ರಿಕ್ ತಗೊಳ್ಳೋದಾ?

ಉತ್ತರ: ನೀವು ಒಂದು ಮುಖ್ಯ ವಿಷಯ ಬರೆದಿಲ್ಲ. ನಿಮ್ಮ ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ? ಸೊಸೈಟಿಯೊಳಗೆ ನಿಮ್ಮದೇ ಜಾಗ ಇದೆಯಾ, ಅಲ್ಲಿಗೆ ನಿಮ್ಮ ಮೀಟರಿನಿಂದ ವೈರ್ ಎಳೆಯೋಕಾಗುತ್ತಾ, ಇಲ್ಲಾ ಗೇಟಿನ ಹೊರಗೆ ರಸ್ತೆ ಬದಿ ನಿಲ್ಲಿಸುತ್ತೀರಾ? ನಿಮ್ಮ ಪ್ರಶ್ನೆಯ ಮುಕ್ಕಾಲು ಉತ್ತರ ಅಲ್ಲೇ ಇದೆ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 25 ದಿನ ಅಂದರೆ 1,250 ಕಿ.ಮೀ. 2025ರ ಕೊನೆಯಲ್ಲಿ ಮುಂಬೈಯಲ್ಲಿ ಪೆಟ್ರೋಲ್ ಲೀಟರಿಗೆ 103 ರೂಪಾಯಿ ಚಿಲ್ಲರೆ, ಸಿಎನ್‌ಜಿ ಕಿಲೋಗೆ 80ರ ಆಸುಪಾಸು. ದಾರಿಯಲ್ಲಿ ಸಿಗುವ ಶಿಳ್‌ಫಾಟಾದ ಜಾಮ್‌ನಲ್ಲಿ ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ ತಿಂಗಳಿಗೆ 8,600 ರೂಪಾಯಿ. ಅದೇ ಕಾರು ಸಿಎನ್‌ಜಿಯಲ್ಲಿ ಕಿಲೋಗೆ 21 ಕಿ.ಮೀ. ಕೊಟ್ಟರೆ 4,800. ಉಳಿಯೋದು 3,800. ಕಂಪನಿಯಿಂದಲೇ ಸಿಎನ್‌ಜಿ ಹಾಕಿ ಬರುವ ಸಣ್ಣ ಕಾರಿಗೆ ಪೆಟ್ರೋಲ್ ಗಾಡಿಗಿಂತ ಸುಮಾರು 90-95 ಸಾವಿರ ಜಾಸ್ತಿ ಕೊಡಬೇಕು. ಎರಡು ವರ್ಷದಲ್ಲಿ ಅದು ವಾಪಸ್ ಬರುತ್ತದೆ.

ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ 7 ಕಿ.ಮೀ. ಓಡುತ್ತದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 180 ಯೂನಿಟ್ ಬೇಕು. ಮನೆಯಲ್ಲಿ ಯೂನಿಟ್ಟಿಗೆ 12 ರೂಪಾಯಿ ಬಿದ್ದರೆ ಸುಮಾರು 2,200. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 22 ಕೊಟ್ಟರೆ ಸುಮಾರು 4,000. ಇಲ್ಲಿ ಗಮನಿಸಿ. ಮನೆಯಲ್ಲಿ ಚಾರ್ಜ್ ಮಾಡೋಕಾಗದಿದ್ದರೆ ಸಿಎನ್‌ಜಿಗೂ ಎಲೆಕ್ಟ್ರಿಕ್‌ಗೂ ತಿಂಗಳಿಗೆ ಎಂಟುನೂರು ರೂಪಾಯಿಯಷ್ಟೇ ವ್ಯತ್ಯಾಸ. ಅದಕ್ಕೋಸ್ಕರ ಮೂರು-ನಾಲ್ಕು ಲಕ್ಷ ಜಾಸ್ತಿ ಸುರಿದು, ವಾರಕ್ಕೆರಡು ಸಲ ಮಾಲ್‌ನಲ್ಲಿ ಕಾದು ಕೂರೋದು ಬೇಡ. ಇನ್ನೊಂದು ಮಾತು. ಮನೆಯ ಮೀಟರಿಗೇ 180 ಯೂನಿಟ್ ಸೇರಿಸಿದರೆ ನೀವು ಮೇಲಿನ ಸ್ಲ್ಯಾಬಿಗೆ ಹೋಗುತ್ತೀರಿ, ಬಿಲ್ ಒಮ್ಮೆಲೇ ಏರುತ್ತದೆ. ಗಾಡಿಗೆ ಅಂತಲೇ ಬೇರೆ ಮೀಟರ್ ಸಿಗುತ್ತದೆ, ಅದಕ್ಕೆ ದರವೂ ಬೇರೆ. ಮೊದಲೇ ಕೇಳಿ.

ಸಿಎನ್‌ಜಿಯ ಕಷ್ಟಗಳೂ ಸಣ್ಣವಲ್ಲ. ಡಿಕ್ಕಿಯಲ್ಲಿ ಸಿಲಿಂಡರ್ ಕೂತರೆ ಊರಿನ ಸಾಮಾನಿಗೆ ಜಾಗ ಇರೋದಿಲ್ಲ. ಕೆಲವು ಹೊಸ ಗಾಡಿಗಳಲ್ಲಿ ಎರಡು ಸಣ್ಣ ಸಿಲಿಂಡರ್ ಕೆಳಗೆ ಹಾಕಿ ಮೇಲೆ ಜಾಗ ಬಿಟ್ಟಿದ್ದಾರೆ, ಅಂಥದ್ದನ್ನು ನೋಡಿ. ಸರದಿಯಂತೂ ನಿಮಗೇ ಗೊತ್ತು. ಬೆಳಿಗ್ಗೆ ಆರಕ್ಕೇ ರಿಕ್ಷಾಗಳ ಸಾಲು ಪಂಪಿನಿಂದ ಮುಖ್ಯ ರಸ್ತೆವರೆಗೆ ಬಂದಿರುತ್ತದೆ. ಅಷ್ಟು ಕಾದು ನಿಮ್ಮ ಸರದಿ ಬಂದಾಗ ಒತ್ತಡದ ಮುಳ್ಳು 200 ಬಾರ್‌ಗೆ ಹೋಗದೆ 160ರಲ್ಲೇ ನಿಲ್ಲುತ್ತದೆ, ಒಂಬತ್ತು ಕಿಲೋ ಹಿಡಿಯುವ ಸಿಲಿಂಡರಿಗೆ ಏಳೇ ಕಿಲೋ ಬೀಳುತ್ತದೆ. ಇದು ಪಂಪಿನವನ ಮೋಸ ಅಲ್ಲ. ಸಾಲಾಗಿ ಗಾಡಿ ತುಂಬಿಸುವಾಗ ಒತ್ತಡ ಇಳಿಯುತ್ತದೆ, ಜೊತೆಗೆ ವೇಗವಾಗಿ ತುಂಬಿದರೆ ಗ್ಯಾಸ್ ಬಿಸಿಯಾಗಿ ಹಿಗ್ಗುತ್ತದೆ. ರಾತ್ರಿ ಹನ್ನೊಂದರ ನಂತರ ಹೋಗಿ ನೋಡಿ, ಅದೇ ಸಿಲಿಂಡರಿಗೆ ಜಾಸ್ತಿ ಹಿಡಿಯುತ್ತದೆ. 2025ರ ನವೆಂಬರ್‌ನಲ್ಲಿ ಟ್ರಾಂಬೆಯಲ್ಲಿ ಪೈಪ್‌ಲೈನಿಗೆ ಪೆಟ್ಟು ಬಿದ್ದು ಮುಂಬೈ, ಠಾಣೆ ಕಡೆ ಎಷ್ಟೋ ಪಂಪುಗಳು ಖಾಲಿ ನಿಂತದ್ದು ಮರೆತಿಲ್ಲ ಅಲ್ವಾ? ಅವತ್ತು ಕಾರಿನವರು ಪೆಟ್ರೋಲಿಗೆ ಸ್ವಿಚ್ ಒತ್ತಿ ಮುಂದೆ ಹೋದರು. ಆ ಸ್ವಿಚ್ಚೇ ನಿಮ್ಮ ಧೈರ್ಯ. ಹಾಗಾಗಿ ಪೆಟ್ರೋಲ್ ಟ್ಯಾಂಕ್ ಕಾಲು ಭಾಗವಾದರೂ ತುಂಬಿರಲಿ, ವಾರಕ್ಕೆ ಐದಾರು ಕಿ.ಮೀ. ಪೆಟ್ರೋಲಿನಲ್ಲಿ ಓಡಿಸಿ.

ಕುಂದಾಪುರದ ದಾರಿಗೆ ಹೆದರಬೇಡಿ. ಪುಣೆ, ಸಾತಾರಾ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ, ಎಲ್ಲಾ ಕಡೆ ಸಿಎನ್‌ಜಿ ಇದೆ. ಐದು ಜನ, ಸಾಮಾನು, ಎಸಿ ಹಾಕಿಕೊಂಡು ಖಂಡಾಲಾ ಘಾಟ್ ಹತ್ತುವಾಗ ಮಾತ್ರ ಸಿಎನ್‌ಜಿಯಲ್ಲಿ ಗಾಡಿ ಎಳೆಯೋದಿಲ್ಲ, ಹತ್ತು-ಹದಿನೈದು ಪರ್ಸೆಂಟ್ ಶಕ್ತಿ ಕಡಿಮೆ. ಖೋಪೋಲಿ ದಾಟುವ ಮೊದಲೇ ಪೆಟ್ರೋಲಿಗೆ ಹಾಕಿಕೊಳ್ಳಿ. ಪಾರ್ಕಿಂಗ್‌ನಲ್ಲಿ ಸ್ವಂತ ಮೀಟರ್ ಬರೋದಾದರೆ ಎಲೆಕ್ಟ್ರಿಕ್, ಇಲ್ಲದಿದ್ದರೆ ಸಿಎನ್‌ಜಿ. ನನ್ನ ಅಭಿಪ್ರಾಯ ಇಷ್ಟೇ.

ಪ್ರಶ್ನೆ (ಚಿಂಚವಡ, ಪುಣೆ): ನನ್ನದು 2015ರ ಪೆಟ್ರೋಲ್ ಕಾರು. ಇ20 (ಕಬ್ಬು, ಧಾನ್ಯದಿಂದ ಮಾಡುವ ಎಥೆನಾಲ್ 20 ಪರ್ಸೆಂಟ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಮೈಲೇಜ್ 16ರಿಂದ 12ಕ್ಕೆ ಇಳಿದಿದೆ. ಎಂಜಿನ್ ಹಾಳಾಗುತ್ತದಾ? ನಮ್ಮ ಅಪ್ಪ ಕಬ್ಬು ಬೆಳೆಯುವವರು, ಅವರು ಮಾತ್ರ ಎಥೆನಾಲ್ ಒಳ್ಳೆಯದು ಅನ್ನುತ್ತಾರೆ.

ಉತ್ತರ: ನಿಮ್ಮ ಅಪ್ಪನ ಮಾತಿನಲ್ಲೂ ಹುರುಳಿದೆ, ನಿಮ್ಮ ದೂರಿನಲ್ಲೂ ಇದೆ.

ಮೊದಲು ಮೈಲೇಜ್. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿ. ನೂರರಲ್ಲಿ ಇಪ್ಪತ್ತು ಪಾಲು ಅದನ್ನು ಸೇರಿಸಿದರೆ ಒಟ್ಟು ಶಕ್ತಿ 6-7 ಪರ್ಸೆಂಟ್ ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯಲ್ಲೂ ಹಳೆಯ ಕಾರುಗಳಿಗೆ ಇಷ್ಟೇ ನಷ್ಟ ಅಂತ ಹೇಳಿದ್ದರು. ಅಂದರೆ ನಿಮ್ಮ 16, 15ಕ್ಕೆ ಇಳಿಯಬೇಕಿತ್ತು. 12 ಆಗಿದೆ ಅಂದರೆ ಉಳಿದ ಮೂರು ಕಿ.ಮೀ.ಗೆ ಬೇರೆ ಕಾರಣ ಇದೆ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಹಿಡಿದುಕೊಂಡ ಬ್ರೇಕ್, ಸವೆದ ಕ್ಲಚ್, ಟೈರ್ ಗಾಳಿ, ಇಷ್ಟನ್ನು ಮೊದಲು ನೋಡಿಸಿ. ಎಲ್ಲದಕ್ಕೂ ಇ20ಯನ್ನೇ ಬೈದು ಸುಮ್ನೆ ಕೂತರೆ ಅಸಲಿ ತೊಂದರೆ ಹಾಗೇ ಬೆಳೆಯುತ್ತದೆ.

ಎಂಜಿನ್ ರಾತ್ರೋರಾತ್ರಿ ಹಾಳಾಗೋದಿಲ್ಲ. ಆದರೆ 2023ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳಲ್ಲಿ ಎಷ್ಟೋ ಗಾಡಿಗಳ ರಬ್ಬರ್ ಪೈಪು, ಸೀಲು, ಗ್ಯಾಸ್ಕೆಟ್ಟುಗಳನ್ನು ಇಷ್ಟು ಎಥೆನಾಲ್ ಗಮನದಲ್ಲಿಟ್ಟುಕೊಂಡು ಮಾಡಿರಲಿಲ್ಲ. ಎಥೆನಾಲ್ ರಬ್ಬರನ್ನು ಉಬ್ಬಿಸುತ್ತದೆ, ಆಮೇಲೆ ಬಿರುಕು. ಬಾನೆಟ್ ತೆಗೆದು ಇಂಧನ ಬರುವ ಪೈಪನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡಿ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಗೆರೆ ಕಂಡರೆ, ಅಂಟಂಟಾಗಿದ್ದರೆ, ಪೆಟ್ರೋಲ್ ವಾಸನೆ ಬಂದರೆ ತಡ ಮಾಡದೆ ಬದಲಾಯಿಸಿ. ಅದು ಸಣ್ಣ ಖರ್ಚು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕೋದು ಸಣ್ಣ ವಿಷಯ ಅಲ್ಲ. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಎರಡು ತಿಂಗಳು ಊರಿಗೆ ಹೋಗಿ ಗಾಡಿಯನ್ನು ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ, ಯಾರಾದರೂ ವಾರಕ್ಕೊಮ್ಮೆ ಓಡಿಸಲಿ.

ಇನ್ನು ಅಪ್ಪನ ಮಾತು. ಕೊಲ್ಲಾಪುರ, ಸಾಂಗ್ಲಿ, ಬೆಳಗಾವಿ, ಬಾಗಲಕೋಟೆ ಕಡೆ ಸಕ್ಕರೆ ಬೆಲೆ ಬಿದ್ದಾಗ ಕಾರ್ಖಾನೆಗೆ ಎಥೆನಾಲ್ ಹಣ ಕೈ ಹಿಡಿದಿದೆ. ಕಚ್ಚಾ ತೈಲಕ್ಕೆ ಹೊರದೇಶಕ್ಕೆ ಹೋಗುವ ದುಡ್ಡಿನಲ್ಲಿ ಒಂದು ಪಾಲು ನಮ್ಮ ಹೊಲಕ್ಕೆ ಬರೋದು ನನಗೂ ಸಂತೋಷವೇ. ಆದರೆ ಕಬ್ಬು ಎಷ್ಟು ನೀರು ಕುಡಿಯುತ್ತದೆ ಅಂತ ನಿಮ್ಮ ಅಪ್ಪನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. 2023ರ ಡಿಸೆಂಬರ್‌ನಲ್ಲಿ ಸಕ್ಕರೆ ಕಡಿಮೆ ಬೀಳುತ್ತದೆ ಅಂತ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡೋದಕ್ಕೆ ಕಡಿವಾಣ ಹಾಕಿತು. ಈಗ ಕಬ್ಬಿಗಿಂತ ಜಾಸ್ತಿ ಎಥೆನಾಲ್ ಮೆಕ್ಕೆಜೋಳ, ಅಕ್ಕಿಯಂಥ ಧಾನ್ಯದಿಂದ ಬರುತ್ತಿದೆ. ಹೊಲ ಒಂದೇ. ಊಟಕ್ಕೂ ಅದೇ, ಟ್ಯಾಂಕಿಗೂ ಅದೇ.

ನನಗೆ ಬೇಸರ ಬೇರೆ ಕಡೆ ಇದೆ. ಬ್ರೆಜಿಲ್‌ನಲ್ಲಿ ಪಂಪಿಗೆ ಹೋದರೆ ಎಥೆನಾಲ್ ಬೇರೆ, ಮಿಶ್ರಣದ ಪೆಟ್ರೋಲ್ ಬೇರೆ. ಎರಡರ ಬೆಲೆ ನೋಡಿ ಜನ ಆರಿಸಿಕೊಳ್ಳುತ್ತಾರೆ. ಇಲ್ಲಿ ಶಕ್ತಿ ಕಡಿಮೆಯಾದ ಇಂಧನಕ್ಕೆ ಹಳೆಯ ಬೆಲೆಯನ್ನೇ ಕೊಡುತ್ತಿದ್ದೇವೆ, ಹೆಚ್ಚಿನ ಪಂಪುಗಳಲ್ಲಿ ಆರಿಸಿಕೊಳ್ಳೋಕೂ ದಾರಿ ಇಲ್ಲ. ಲೀಟರಿಗೆ ಆರೇಳು ರೂಪಾಯಿ ಇಳಿಸಿದ್ದರೆ ಇಷ್ಟು ಜಗಳವೇ ಆಗುತ್ತಿರಲಿಲ್ಲ.

ಪ್ರಶ್ನೆ (ಮಾಟುಂಗಾ, ಮುಂಬೈ): ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು ಕೂರುತ್ತಾರೆ. ಅವರ ಬೆನ್ನ ಹಿಂದೆಯೇ ಸಿಎನ್‌ಜಿ ಸಿಲಿಂಡರ್. ಮೇ ತಿಂಗಳ ಬಿಸಿಲಿನಲ್ಲಿ ಸಿಡಿಯುತ್ತದೆ ಅಂತ ಹೇಳುತ್ತಾರೆ, ನಿಜವಾ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಕಾರಿನ ಟೈರಿನಲ್ಲಿ ಎರಡು ಬಾರ್ ಚಿಲ್ಲರೆ ಒತ್ತಡ ಇದ್ದರೆ ಈ ಸಿಲಿಂಡರಿನಲ್ಲಿ 200 ಬಾರ್. ಆದರೆ ಅದು ದಪ್ಪ ಉಕ್ಕಿನದು. ಬರೀ ಬಿಸಿಲಿಗೆ ಒಳ್ಳೆಯ ಸಿಲಿಂಡರ್ ಸಿಡಿಯೋದಿಲ್ಲ. ಸೋರಿದರೂ ಸಿಎನ್‌ಜಿ ಗಾಳಿಗಿಂತ ಹಗುರ, ಕಿಟಕಿ ತೆಗೆದರೆ ಮೇಲಕ್ಕೆ ಹೋಗುತ್ತದೆ. ಎಲ್‌ಪಿಜಿ ಹಾಗಲ್ಲ, ನೆಲಕ್ಕೆ ಇಳಿದು ಅಲ್ಲೇ ಮಡುಗಟ್ಟಿ ನಿಲ್ಲುತ್ತದೆ. ಅಡುಗೆ ಮನೆಯ ಸಿಲಿಂಡರನ್ನು ಕದ್ದು ಕಾರಿಗೆ ಹಾಕುವವರು ಇನ್ನೂ ಇದ್ದಾರೆ. ಅಂಥ ಗಾಡಿಗೆ ಮಕ್ಕಳನ್ನು ಹತ್ತಿಸಲೇಬೇಡಿ.

ಅಪಾಯ ಇರೋದು ಪರೀಕ್ಷೆ ತಪ್ಪಿಸಿದ ಸಿಲಿಂಡರಿನಲ್ಲಿ. ಮೂರು ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ನೀರು ತುಂಬಿ, 200 ಬಾರ್‌ಗಿಂತ ಬಹಳ ಜಾಸ್ತಿ ಒತ್ತಡ ಕೊಟ್ಟು ಪರೀಕ್ಷಿಸಬೇಕು. ನನಗೇ ಆದದ್ದು ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಸಿಎನ್‌ಜಿ ಕಾರು ತಗೊಂಡಿದ್ದೆ. ಮಾರಿದವರು ಪರೀಕ್ಷೆಯ ಪತ್ರ ಕೊಟ್ಟಿದ್ದರು, ಸೀಲು ಸಹಿ ಎಲ್ಲಾ ಇತ್ತು. ಊರಿಗೆ ಹೋಗುವಾಗ ಸಾತಾರಾ ಹತ್ತಿರದ ಪಂಪಿನ ಹುಡುಗ ಡಿಕ್ಕಿ ತೆಗೆಸಿ, ಮೊಬೈಲ್ ಬೆಳಕು ಬಿಟ್ಟು, ಸಿಲಿಂಡರಿನ ಕುತ್ತಿಗೆಯ ಮೇಲೆ ಕೊರೆದಿದ್ದ ನಂಬರನ್ನು ಹೆಬ್ಬೆರಳಲ್ಲಿ ಧೂಳು ಒರೆಸಿ ಓದಿದ. ಪತ್ರದಲ್ಲಿದ್ದ ನಂಬರೇ ಬೇರೆ. ಗ್ಯಾಸ್ ಹಾಕೋದಿಲ್ಲ ಅಂದ. ಅವತ್ತು ಕೋಪ ಬಂತು. ಪುಣೆಗೆ ವಾಪಸ್ ಬಂದು ಬಿಚ್ಚಿಸಿದಾಗ ಸಿಲಿಂಡರಿನ ಅಡಿಯಲ್ಲಿ, ಪಟ್ಟಿ ತಾಗುವ ಜಾಗದಲ್ಲಿ, ತುಕ್ಕು ಪದರ ಪದರವಾಗಿ ಏಳುತ್ತಿತ್ತು. ಎರಡು ವರ್ಷ ನನ್ನ ಮಗಳು ಅದರ ಮುಂದೆ ಕೂತು ಶಾಲೆಗೆ ಹೋಗಿದ್ದಳು. ಆ ಹುಡುಗನಿಗೆ ನಾನು ಇವತ್ತಿಗೂ ಋಣಿ.

ಹಾಗಾಗಿ ಪತ್ರವನ್ನು ನಂಬಬೇಡಿ, ಸಿಲಿಂಡರಿನ ಮೇಲಿನ ನಂಬರ್ ಮತ್ತು ತಾರೀಖು ನೀವೇ ಓದಿ. ಕಿಟ್ ಆರ್‌ಸಿಯಲ್ಲಿ ದಾಖಲಾಗಿದೆಯಾ ನೋಡಿ, ಇಲ್ಲದಿದ್ದರೆ ವಿಮೆಯವರು ಕೈ ಎತ್ತಬಹುದು. ಗ್ಯಾಸ್ ತುಂಬಿಸುವಾಗ ಎಷ್ಟೇ ಸೆಕೆ ಇರಲಿ, ಮಗು ನಿದ್ದೆ ಮಾಡುತ್ತಿರಲಿ, ಎಲ್ಲರೂ ಇಳಿದು ದೂರ ನಿಲ್ಲಿ.

ಪ್ರಶ್ನೆ (ವಾಸ್ಕೋ, ಗೋವಾ): ಹೈಡ್ರೋಜನ್ ಕಾರು ಬರುವವರೆಗೆ ಕಾಯಬಹುದಾ?

ಉತ್ತರ: ಬೇಡ. ಪುಣೆಯಲ್ಲಿ 2022ರಲ್ಲೇ ಹೈಡ್ರೋಜನ್ ಬಸ್ಸು ಓಡಿಸಿ ತೋರಿಸಿದರು, ಹೆಮ್ಮೆಯ ಕೆಲಸವೇ. ಆದರೆ ಕಾರಿನಲ್ಲಿ ಅದನ್ನು 700 ಬಾರ್ ಒತ್ತಡದಲ್ಲಿ ಇಡಬೇಕು. ಕರೆಂಟಿನಿಂದ ಹೈಡ್ರೋಜನ್ ಮಾಡಿ, ಅದನ್ನು ಒತ್ತಿ ತುಂಬಿ, ಗಾಡಿಯಲ್ಲಿ ಮತ್ತೆ ಕರೆಂಟ್ ಮಾಡುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ದೂರ ಹೋಗುವ ಲಾರಿ, ಬಸ್ಸಿಗೆ ಮುಂದೆ ಉಪಯೋಗ ಆಗಬಹುದು. ನಿಮ್ಮ ಮನೆಯ ಕಾರಿಗೆ ಅದನ್ನು ಕಾಯಬೇಡಿ.

ಪ್ರಶ್ನೆ (ಫೋಂಡಾ, ಗೋವಾ): ಸ್ವಂತ ಮನೆ, ಅಂಗಳದಲ್ಲಿ ಜಾಗ ಇದೆ. ತಿಂಗಳಿಗೊಮ್ಮೆ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗುತ್ತೇವೆ. ಎಲೆಕ್ಟ್ರಿಕ್ ಕಾರು ಘಾಟ್ ಹತ್ತುತ್ತದಾ?

ಉತ್ತರ: ಚೆನ್ನಾಗಿ ಹತ್ತುತ್ತದೆ. ಪೆಟ್ರೋಲ್ ಗಾಡಿಗಿಂತ ಸಲೀಸಾಗಿ, ಗೇರಿನ ಗೊಡವೆಯಿಲ್ಲದೆ. ಫೋಂಡಾದಿಂದ ಬೆಳಗಾವಿಗೆ ಸುಮಾರು 700 ಮೀಟರ್ ಏರು. ಒಂದೂವರೆ ಟನ್ ಗಾಡಿಯನ್ನು ಅಷ್ಟು ಎತ್ತರಕ್ಕೆ ಏರಿಸೋಕೆ ಸಮತಟ್ಟು ರಸ್ತೆಯ ಖರ್ಚಿನ ಮೇಲೆ ಮೂರು-ಮೂರೂವರೆ ಯೂನಿಟ್ ಬೇಕು. 30 ಯೂನಿಟ್ ಬ್ಯಾಟರಿಯಲ್ಲಿ ಹತ್ತನೇ ಒಂದು ಪಾಲು ಅಂತ ಲೆಕ್ಕ ಇಡಿ. ಬರುವಾಗ ಇಳಿಜಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬ್ಯಾಟರಿಗೆ ಬರುತ್ತದೆ, ಬ್ರೇಕ್ ಸವೆಯೋದೂ ಕಡಿಮೆ. ಘಾಟ್ ಇಳಿಯೋಕೆ ಶುರು ಮಾಡುವಾಗ ಮಾತ್ರ ಬ್ಯಾಟರಿ ನೂರಕ್ಕೆ ನೂರು ತುಂಬಿರಬಾರದು. ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟ್ ಹಿಡಿಸೋದಿಲ್ಲ.

ಎಲೆಕ್ಟ್ರಿಕ್ ಅಂದರೆ ಹೊಗೆಯೇ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ನಮ್ಮ ದೇಶದ ಕರೆಂಟಿನಲ್ಲಿ ಮುಕ್ಕಾಲರ ಹತ್ತಿರ ಇನ್ನೂ ಕಲ್ಲಿದ್ದಲಿನಿಂದ ಬರುತ್ತದೆ. ಮಾಡಿನ ಮೇಲೆ ಸೋಲಾರ್ ಹಾಕಿಸುವ ಶಕ್ತಿ ಇದ್ದರೆ ಕಾರಿನ ಜೊತೆಗೇ ಹಾಕಿಸಿ. ಬ್ಯಾಟರಿ ಗ್ಯಾರಂಟಿ ಸಾಮಾನ್ಯವಾಗಿ 8 ವರ್ಷ, ಅದಾದ ಮೇಲೆ ಬದಲಾಯಿಸೋಕೆ ಲಕ್ಷಗಟ್ಟಲೆ ಬೇಕು ಅನ್ನೋದೂ ತಲೆಯಲ್ಲಿರಲಿ.

ಗೋವಾದ ಹಳೆಯ ಮನೆಗಳಲ್ಲಿ ತೊಂದರೆ ಬರೋದು ಅರ್ತಿಂಗ್‌ನದು. ಮಡಗಾಂವ್‌ನಲ್ಲಿ ನನ್ನ ತಂಗಿಯ ಮನೆಗೆ ಹೊಸ ಕಾರು ಬಂದ ದಿನ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಚಾರ್ಜರ್ ಚುಚ್ಚಿದರೆ ಕೆಂಪು ದೀಪ ಮಿಣುಕುತ್ತಾ ನಿಂತಿತು. ಫ್ರಿಜ್, ಗೀಸರ್ ಎಲ್ಲಾ ಅದೇ ವೈರಿಂಗ್‌ನಲ್ಲಿ ವರ್ಷಗಟ್ಟಲೆ ನಡೆದಿದ್ದವು, ಕಾರು ಮಾತ್ರ ಒಪ್ಪಲಿಲ್ಲ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತಿಂಗ್ ಹಿಡಿಯೋದಿಲ್ಲ. ಎಲೆಕ್ಟ್ರಿಷಿಯನ್ ಬಾವಿಯ ಪಕ್ಕ, ಯಾವಾಗಲೂ ತೇವ ಇರುವ ಜಾಗದಲ್ಲಿ ಹೊಸ ಗುಂಡಿ ತೋಡಿ, ರಾಡ್ ಇಳಿಸಿ, ಇದ್ದಿಲು, ಉಪ್ಪು ತುಂಬಿ, ಎರಡು ಕೊಡ ನೀರು ಹೊಯ್ದ. ಅವತ್ತು ಸಂಜೆ ಹಸಿರು ದೀಪ ಹತ್ತಿತು. ನೀವು ಕಾರು ಬುಕ್ ಮಾಡುವ ಮೊದಲೇ, ಏಪ್ರಿಲ್-ಮೇ ತಿಂಗಳಲ್ಲಿ ನೆಲ ಒಣಗಿರುವಾಗ, ಅರ್ತಿಂಗ್ ಪರೀಕ್ಷೆ ಮಾಡಿಸಿಬಿಡಿ.