ಬೆಟ್ಟ ಉಳಿಯಿತು, ಬೆಟ್ಟದಲ್ಲಿ ದುಡಿದವರು?

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಿತಲ್ಲ, ಅಲ್ಲಿಗೆ ಜನರಿಗೆ ನ್ಯಾಯ ಸಿಕ್ಕಿದಂತಾಯಿತಲ್ಲವೇ ಎಂದು ಕೇಳಿದ್ದೀರಿ. ದೂರದಿಂದ ಹಾಗೆ ಕಾಣುವುದು ಸಹಜ. ಬೆಟ್ಟಕ್ಕೆ ಅಷ್ಟಿಷ್ಟು ನ್ಯಾಯ ಸಿಕ್ಕಿದ್ದು ನಿಜ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು 2009ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಆ ಕೋರ್ಟಿಗೆ ಅರ್ಜಿ ಹಾಕದಿದ್ದರೆ ಸಂಡೂರಿನ ಎಷ್ಟೋ ಗುಡ್ಡಗಳು ಇಂದು ಇರುತ್ತಿರಲಿಲ್ಲ. 2013ರ ತೀರ್ಪಿನಲ್ಲಿ, ಹೆಚ್ಚು ಅಕ್ರಮ ನಡೆಸಿದ 'ಸಿ' ವರ್ಗದ ಗಣಿಗಳ ಗುತ್ತಿಗೆಗಳೇ ರದ್ದಾದವು.

ಆದರೆ ಆ ಗುಡ್ಡಗಳಲ್ಲಿ ಅದಿರಿನ ಕಲ್ಲು ಒಡೆದವರಲ್ಲಿ ಬಹಳ ಜನ ಹೆಂಗಸರು, ದಲಿತರು, ಲಂಬಾಣಿಗಳು. ಸುತ್ತಿಗೆಯಿಂದ ಕಲ್ಲು ಒಡೆದು, ಪುಟ್ಟಿಯಲ್ಲಿ ಹೊತ್ತು, ಲಾರಿಗೆ ತುಂಬಿದವರು. ಯಂತ್ರಗಳು ಬಂದಾಗ ಅರ್ಧ ಕೆಲಸ ಹೋಯಿತು, ಕೋರ್ಟಿನ ಆದೇಶ ಬಂದಾಗ ಉಳಿದದ್ದೂ ಹೋಯಿತು. ಗುತ್ತಿಗೆದಾರ ಹಾಜರಿ ಪುಸ್ತಕದಲ್ಲಿ ಇವರ ಹೆಸರು ಬರೆದುಕೊಂಡಿದ್ದರೆ ತಾನೇ ಪರಿಹಾರ ಕೇಳುವುದು? ಗುರುತಿನ ಚೀಟಿ ಇಲ್ಲ, ಭವಿಷ್ಯನಿಧಿ ಇಲ್ಲ. ಎದೆಯೊಳಗೆ ಕೂತ ಧೂಳೊಂದೇ ಇವರ ಬಳಿ ಇರುವ ಸಾಕ್ಷಿ, ಅದನ್ನು ಯಾವ ಕಚೇರಿಯೂ ದಾಖಲೆಯೆಂದು ಒಪ್ಪುವುದಿಲ್ಲ.

ಹಣವಿಲ್ಲವೆಂದಲ್ಲ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ ರಾಜ್ಯದಲ್ಲಿ ಒಂದು ನಿಗಮವಿದೆ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗಾಗಿ ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಯೋಜನೆ ಸಿದ್ಧವಾಗಿದೆ. ಇದಲ್ಲದೆ 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ, ಗಣಿಬಾಧಿತರಿಗಾಗಿ ಗಣಿಯವರೇ ಹಣ ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬೇರೆ. ರಸ್ತೆ, ಕಟ್ಟಡಗಳಿಗೆ ಅಂದಾಜುಪಟ್ಟಿ ಬೇಗ ತಯಾರಾಗುತ್ತದೆ, ಗುತ್ತಿಗೆದಾರರೂ ಬೇಗ ಸಿಗುತ್ತಾರೆ. ಕೆಲಸ ಕಳೆದುಕೊಂಡವಳಿಗೆ ಬದುಕು ಕಟ್ಟಿಕೊಡಲು ಟೆಂಡರ್ ಕರೆಯಲಾಗುವುದಿಲ್ಲವಲ್ಲ! ಗಣಿ ಕಾರ್ಮಿಕರ ಸಂಘದವರು ಹೊತ್ತು ತಿರುಗುತ್ತಿರುವ ಬೇಡಿಕೆ ಇದೇ: ಮೊದಲು ನಮ್ಮನ್ನು ಬಾಧಿತರೆಂದು ಲೆಕ್ಕಕ್ಕೆ ಹಿಡಿಯಿರಿ.

ಗಡಿಯ ಗೋಜಲೂ ಇದೆ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹೆಣ್ಣು ಕೊಡುವುದು, ತರುವುದು, ಸಂತೆ, ಜಾತ್ರೆ ಯಾವುದೂ ನಿಲ್ಲಲಿಲ್ಲ. ಎರಡೂ ಕಡೆ ಕನ್ನಡ, ತೆಲುಗು ಕಲೆಸಿಯೇ ಮಾತು. ಗಣಿಯವರಿಗೆ ಮಾತ್ರ ಈ ಗಡಿ ಬೇಕಾದಾಗ ಉಂಟು, ಬೇಡವಾದಾಗ ಇಲ್ಲ. ಗಡಿಗಲ್ಲುಗಳನ್ನೇ ಅಳಿಸಿದರೆಂಬುದು ದೊಡ್ಡ ವ್ಯಾಜ್ಯವಾಯಿತು. ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿಯೂ 2006ರಲ್ಲಿ ನೆಲಸಮವಾಯಿತು. ಈಗ ನಮ್ಮ ನಿಗಮದ ಯೋಜನೆ ನಮ್ಮ ನಾಲ್ಕು ಜಿಲ್ಲೆಗಳಿಗಷ್ಟೇ. ಗಡಿಯಾಚೆ ಆಂಧ್ರದ ಡಿ. ಹಿರೇಹಾಳ್ ಕಡೆಯ ಹೊಲಗಳ ಮೇಲೆ ಬಿದ್ದ ಧೂಳು ಯಾವ ರಾಜ್ಯದ್ದೆಂದು ವಿಂಗಡಿಸುವವರು ಯಾರು?

ಇನ್ನು ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ತೆರೆಯುವ 2024ರ ವಿಚಾರ. ಸುಮಾರು 99 ಸಾವಿರ ಮರಗಳಿರುವ ಕಾಡನ್ನು ಗಣಿಗೆ ಕೊಡಕೂಡದೆಂದು ಜನ ಬೀದಿಗಿಳಿದರು. ನಾನೂ ಅವರ ಪರವೇ. ಆದರೆ ಗಣಿ ಬಂದರೆ ಮಗನಿಗೆ ಕೆಲಸ ಸಿಕ್ಕೀತು ಎನ್ನುವ ತಾಯಿಯನ್ನು ಗಣಿಗಳ್ಳರ ಪಕ್ಷಕ್ಕೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಪರಿಸರದವರ ಸಭೆ ಒಂದು ಕಡೆ, ಕಾರ್ಮಿಕರ ಸಭೆ ಇನ್ನೊಂದು ಕಡೆ ನಡೆಯುತ್ತಿರುವಷ್ಟು ದಿನ ಅಧಿಕಾರಿಗಳಿಗೆ ಅನುಕೂಲವೇ; ಎರಡೂ ಕಡೆ ಮನವಿಪತ್ರ ತೆಗೆದುಕೊಂಡು ಹೋದರೆ ಮುಗಿಯಿತು.