ಗೋಡೆ ಪಕ್ಕದ ಸಾಂದ್ರ ಆವಿ: ತಪ್ಪು ಮಾಡೆಲ್‌ನದೋ, ಮೆಶ್‌ನದೋ?

ಪ್ರಶ್ನೆ: ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹೊಟ್ಟು ಉರಿಸುವ ಬಾಯ್ಲರಿನ ಬಿಸಿಯಿಂದ ಸಣ್ಣ ಟರ್ಬೈನ್ ಓಡಿಸುವುದು ನಮ್ಮ ಎಂ.ಟೆಕ್. ಪ್ರಾಜೆಕ್ಟು. ಕಂಪ್ಯೂಟರಿನಲ್ಲಿ ಗಾಳಿ ಹಾಕಿ ಹರಿವಿನ ಲೆಕ್ಕ ಮಾಡಿದಾಗ ನಾಜಲ್ (ಆವಿಯ ವೇಗ ಹೆಚ್ಚಿಸುವ ಕೊಳವೆ) ಸರಿಯಾಗಿಯೇ ಬಂತು. ಅದೇ ಮೆಶ್‌ಗೆ (ಲೆಕ್ಕಕ್ಕಾಗಿ ಹರಿವಿನ ಜಾಗವನ್ನು ಸಣ್ಣ ಸೆಲ್‌ಗಳಾಗಿ ಹೋಳು ಮಾಡಿದ ಜಾಲ) ಸಿಲೋಕ್ಸೇನ್ ಎಂಎಂ (ಹೆಕ್ಸಾಮೀಥೈಲ್‌ಡೈಸಿಲೋಕ್ಸೇನ್) ಆವಿ ಕೊಟ್ಟರೆ 1 ಇದ್ದ ವೈ-ಪ್ಲಸ್ (ಗೋಡೆಯಿಂದ ಮೊದಲ ಸೆಲ್‌ನ ದೂರ ಹೇಳುವ ಅಳತೆ) 100ರ ಹತ್ತಿರ ಹೋಗಿದೆ, ಗೋಡೆಯೂ ವಿಪರೀತ ಬಿಸಿ ತೋರಿಸುತ್ತಿದೆ. ಕೆ-ಒಮೆಗಾ ಎಸ್‌ಎಸ್‌ಟಿ ಎಂಬ ಪ್ರಕ್ಷುಬ್ಧ ಹರಿವಿನ ಮಾಡೆಲ್ ಬಿಟ್ಟು ಬೇರೆ ಮಾಡೆಲ್ ಹಿಡಿಯಬೇಕೆ?
– ವಿದ್ಯಾರ್ಥಿ, ಹಾಸನ

ಉತ್ತರ: ಬೇಡ. ಮಾಡೆಲ್ ಇದ್ದ ಹಾಗೇ ಇರಲಿ, ಮೊದಲು ಅನಿಲದ ಗುಣಗಳನ್ನು ನೋಡಿ. ವಿಶಿಷ್ಟ ಉಷ್ಣದ ಜಾಗದಲ್ಲಿ ಗಾಳಿಯ 1006 (ಜೂಲ್/ಕೆ.ಜಿ.-ಕೆಲ್ವಿನ್) ಹಾಗೇ ಉಳಿದಿರಬಹುದು. ಸೆಕೆಂಡಿಗೆ 200 ಮೀಟರ್ ಹರಿವು ಗೋಡೆಯಲ್ಲಿ ನಿಂತರೆ ಗಾಳಿಯ ಲೆಕ್ಕದಲ್ಲಿ ತಾಪಮಾನ ಸುಮಾರು 20 ಡಿಗ್ರಿ ಏರುತ್ತದೆ. ಎಂಎಂ ಆವಿಯ ವಿಶಿಷ್ಟ ಉಷ್ಣ ಅದರ ಎರಡರಷ್ಟು, ಹಾಗಾಗಿ ಏರಿಕೆ ಅರ್ಧಕ್ಕಿಳಿಯಬೇಕು.

ಸ್ನಿಗ್ಧತೆಗೆ ಸದರ್‌ಲ್ಯಾಂಡ್ ಸೂತ್ರ ಹಾಕಿದ್ದರೆ ತೆಗೆದುಬಿಡಿ. ಅದರ ಪ್ರಕಾರ ಬಿಸಿ ಹೆಚ್ಚಿದರೆ ಸ್ನಿಗ್ಧತೆ ಹೆಚ್ಚಬೇಕು. ಕ್ರಿಟಿಕಲ್ ಬಿಂದುವಿನ ಹತ್ತಿರ (ದ್ರವ-ಆವಿ ಭೇದ ಅಳಿಯುವ ಸ್ಥಿತಿ; ಎಂಎಂಗೆ ಸುಮಾರು 245 ಡಿಗ್ರಿ, 19 ಬಾರ್) ಆವಿ ದ್ರವದಂತೆ ನಡೆದುಕೊಳ್ಳುತ್ತದೆ: ಬಿಸಿಯಾದರೆ ಸಾಂದ್ರತೆ ಕುಸಿದು ಸ್ನಿಗ್ಧತೆಯೂ ಇಳಿಯುತ್ತದೆ. ಅಂದರೆ ಸೂತ್ರ ದಿಕ್ಕನ್ನೇ ತಪ್ಪಿಸುತ್ತದೆ. ಕೂಲ್‌ಪ್ರಾಪ್ ಅಥವಾ ರೆಫ್‌ಪ್ರಾಪ್ ಎಂಬ ಗುಣಲೆಕ್ಕದ ತಂತ್ರಾಂಶದಿಂದ ಒತ್ತಡ-ತಾಪಮಾನದ ಕೋಷ್ಟಕ ಮಾಡಿಕೊಳ್ಳಿ. ಕ್ರಿಟಿಕಲ್ ಬಿಂದುವಿನ ಸುತ್ತ ಅಂತರ ಕಡಿಮೆಯಿರಲಿ, ಇಲ್ಲದಿದ್ದರೆ ಶಬ್ದವೇಗ ಮೆಟ್ಟಿಲು ಮೆಟ್ಟಿಲಾಗಿ ಬದಲಾಗಿ ರೆಸಿಡ್ಯುಯಲ್ (ಲೆಕ್ಕದಲ್ಲಿ ಇನ್ನೂ ಉಳಿದ ತಪ್ಪು) ಕುಣಿಯುತ್ತಲೇ ಇರುತ್ತದೆ.

ಇನ್ನು ಮೆಶ್. ಸಾಂದ್ರತೆ 100 ಕೆ.ಜಿ./ಘನ ಮೀಟರ್, ಸ್ನಿಗ್ಧತೆ 1.5×10⁻⁵ ಪಾಸ್ಕಲ್-ಸೆಕೆಂಡ್, ಘರ್ಷಣ ವೇಗ (ಗೋಡೆಯ ಘರ್ಷಣೆಯನ್ನು ವೇಗದ ಮಾನದಲ್ಲಿ ಹೇಳುವ ಅಳತೆ) ಸೆಕೆಂಡಿಗೆ 3 ಮೀಟರ್ ಎಂದು ಹಿಡಿಯಿರಿ. ವೈ-ಪ್ಲಸ್ 1 ಬರುವುದು ಗೋಡೆಯಿಂದ 0.05 ಮೈಕ್ರಾನ್‌ನಲ್ಲಿ, ಗಾಳಿಗೆ ಅದೇ 5 ಮೈಕ್ರಾನ್. ನಿಮ್ಮ 100 ಬಂದದ್ದು ಇಲ್ಲಿಂದಲೇ. ಸೆಲ್ ಅಷ್ಟು ತೆಳುವಾದಾಗ ಡಬಲ್ ಪ್ರಿಸಿಷನ್ (ಹೆಚ್ಚು ಅಂಕಿಗಳ ನಿಖರತೆ) ಇಲ್ಲದೆ ಸಾಲ್ವರ್ ಓಡಿಸಬೇಡಿ.

ಬಹಳ ಮಂದಿ ಮರೆಯುವ ವಿಷಯ ಒಂದಿದೆ. ಮರಳುಕಣದ ಲೆಕ್ಕದಲ್ಲಿ (ಗೋಡೆಗೆ ಅಂಟಿಸಿದ ಮರಳುಕಣದ ಗಾತ್ರಕ್ಕೆ ಸಮವೆಂದು ಎಣಿಸಿ) 1 ಮೈಕ್ರಾನ್ ಒರಟುತನ ಎಂದರೆ ವರ್ಕ್‌ಶಾಪಿನವರ ಕಣ್ಣಿಗೆ ಕನ್ನಡಿಯಷ್ಟು ನಯ. ಈ ಹರಿವಿಗೆ ಅದು 20 ಗೋಡೆ-ಮಾನ (ವೈ-ಪ್ಲಸ್ 1ರ ದೂರದ 20 ಪಟ್ಟು). 5 ದಾಟಿದರೆ ಗೋಡೆ ನಯವೆಂದು ಲೆಕ್ಕಕ್ಕಿಲ್ಲ. ಒರಟುತನ ಕೊಡದೆ ಮೆಶ್ ಎಷ್ಟೇ ತೆಳುವಾಗಿಸಿದರೂ ಘರ್ಷಣೆ ಕಡಿಮೆಯೇ ಬರುತ್ತದೆ.

ಪ್ರಶ್ನೆ: ಸಾಂದ್ರ ಅನಿಲಕ್ಕೆ ವಾಲ್ ಫಂಕ್ಷನ್ (ಗೋಡೆ ಪಕ್ಕದ ತೆಳು ಪದರಕ್ಕೆ ಮೆಶ್ ಕಟ್ಟದೆ ಬಳಸುವ ಸಿದ್ಧ ಸೂತ್ರ) ನಡೆಯುತ್ತದೆಯೇ?
– ಉಪನ್ಯಾಸಕರು, ಚಿಕ್ಕಮಗಳೂರು

ಉತ್ತರ: ಗೋಡೆಯ ಮೂಲಕ ಉಷ್ಣ ಹೋಗದಿದ್ದರೆ ಬಹುಮಟ್ಟಿಗೆ ನಡೆಯುತ್ತದೆ, ಏಕೆಂದರೆ ತಾಪಮಾನ ಅಡ್ಡಲಾಗಿ ಹೆಚ್ಚು ಬದಲಾಗುವುದಿಲ್ಲ. ಮೊದಲ ಸೆಲ್‌ನ ಕೇಂದ್ರ ವೈ-ಪ್ಲಸ್ 30ಕ್ಕಿಂತ ಮೇಲಿರಲಿ. ಗೋಡೆಯನ್ನು ತಣಿಸುತ್ತಿದ್ದರೆ ನಂಬಬೇಡಿ. ಗೋಡೆ ಪಕ್ಕದ ವೇಗದ ರೇಖೆಗೆ ಮಾಡುವ ವ್ಯಾನ್ ಡ್ರೀಸ್ಟ್ ತಿದ್ದುಪಡಿ ನೋಡುವುದು ಸಾಂದ್ರತೆಯನ್ನು ಮಾತ್ರ, ಸ್ನಿಗ್ಧತೆಯ ಬದಲಾವಣೆ ಅದರಲ್ಲಿಲ್ಲ. ಆಯಾ ಜಾಗದ ಸಾಂದ್ರತೆ, ಸ್ನಿಗ್ಧತೆ ಎರಡನ್ನೂ ಬಳಸಿ ದೂರ ಅಳೆಯುವ ಸೆಮಿ-ಲೋಕಲ್ ಮಾನದಲ್ಲಿ ವೇಗದ ರೇಖೆ ಎಳೆದು ನೋಡಿ. ಅದೂ ಸಿದ್ಧ ಸೂತ್ರದ ರೇಖೆಗೆ ಕೂಡದಿದ್ದರೆ ಗೋಡೆಯವರೆಗೂ ಮೆಶ್ ಕಟ್ಟಲೇಬೇಕು.