ಕೆಎಲ್ 14 ಕಾರಿಗೆ ಮಂಗಳೂರಿನ ದಂಡ

ನಿಮ್ಮ ಮೆಸೇಜು ಓದಿ ಮೊದಲು ನಗು ಬಂತು, ಬೇಜಾರು ಮಾಡ್ಕೋಬೇಡಿ. ದಾವಣಗೆರೆಯಿಂದ ಕಾಸರಗೋಡಿಗೆ ಕೆಲಸಕ್ಕೆ ಬಂದು ಮೂರು ತಿಂಗಳು. ಹಳೇ ಕಾರು ತಗೊಂಡು ಒಂದೂವರೆ ತಿಂಗಳು. ಅಷ್ಟರಲ್ಲೇ ಮೊಬೈಲಿಗೆ ದಂಡದ ನೋಟಿಸು. ಅದೂ ಎಲ್ಲಿಯದ್ದು? ಮಂಗಳೂರಿನದ್ದು. ಕಳೆದ ವರ್ಷ ಯಾವುದೋ ಮಂಗಳವಾರ ಬೆಳಿಗ್ಗೆ ನೋ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ. ಆ ದಿನ ನೀವು ಈ ಕಾರಿನ ಮುಖವನ್ನೂ ನೋಡಿರಲಿಲ್ಲ. "ಕಾರು ಕೇರಳದ್ದು, ದಂಡ ಕರ್ನಾಟಕದ್ದು, ತಪ್ಪು ಇನ್ಯಾರದ್ದೋ, ಕಟ್ಟೋದು ಮಾತ್ರ ನಾನಾ?" ಅಂತ ಕೇಳಿದ್ದೀರಿ.

ಇದರಲ್ಲಿ ಆಶ್ಚರ್ಯ ಎಂತದ್ದೂ ಇಲ್ಲ ಮಾರಾಯ್ರೆ. ಕೆಎಲ್ 14 ಅಂದರೆ ಕಾಸರಗೋಡು. ಈ ನಂಬರಿನ ಯಾವ ಹಳೇ ಕಾರಿನ ಚರಿತ್ರೆ ಕೆದಕಿದರೂ ಮಂಗಳೂರಿನ ಆಸ್ಪತ್ರೆ ಬೀದಿಗಳಲ್ಲಿ ಅದು ಹತ್ತಾರು ಸಲ ನಿಂತಿರುತ್ತದೆ. ನಮಗೆ ತಿರುವನಂತಪುರ 550 ಕಿಲೋಮೀಟರಿಗೂ ಜಾಸ್ತಿ ದೂರ. ಮಂಗಳೂರು ಸುಮಾರು 50. ಅಜ್ಜನ ಕಾಲದಲ್ಲಿ ಎರಡೂ ಒಂದೇ ಜಿಲ್ಲೆ, ದಕ್ಷಿಣ ಕನ್ನಡ. 1956ರ ನವೆಂಬರ್ 1ಕ್ಕೆ ಗಡಿ ಬಂದು ತಲಪಾಡಿಯಲ್ಲಿ ನಿಂತಿತು. ನಮ್ಮ ಕಾಯಿಲೆ, ಕಾಲೇಜು, ಮದುವೆ ಜವಳಿ, ಗಲ್ಫಿನ ವಿಮಾನ ಎಲ್ಲ ಆಚೆ ಕಡೆಯೇ ಉಳಿಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಅಂತ ಗಡಿ ಮುಚ್ಚಿದಾಗ ಆಂಬುಲೆನ್ಸುಗಳೂ ತಲಪಾಡಿಯಿಂದ ವಾಪಸು ಬಂದವು. ವಿಷಯ ಹೈಕೋರ್ಟಿನವರೆಗೆ ಹೋಯಿತು. ಡಯಾಲಿಸಿಸ್‌ಗೆ ಹೋಗುವವರ ಮನೆಯಲ್ಲಿ ಆ ದಿನಗಳ ಮಾತು ಈಗಲೂ ಬರುತ್ತದೆ.

ನಿಮ್ಮ ಕಾರಿನ ಹಿಂದಿನ ಮಾಲೀಕರು ಯಾಕೆ ಅಲ್ಲಿ ನಿಲ್ಲಿಸಿದರೋ ಗೊತ್ತಿಲ್ಲ. ಆದರೆ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಅಂದರೆ ನನಗೆ ಡಾಕ್ಟರ ಟೋಕನ್ನೇ ನೆನಪಾಗುತ್ತದೆ.

ಸರಿ, ಈಗ ಕೆಲಸದ ಮಾತು. ಮೊದಲು ಆ ಮೆಸೇಜು ನಿಜದ್ದಾ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಚಲನ್ ಅಂತ ಹೇಳಿ ಒಂದು ಎಪಿಕೆ ಫೈಲು, ಅಂದರೆ ಮೊಬೈಲಿಗೆ ಆ್ಯಪ್ ಹಾಕುವ ಫೈಲು, ಬರುತ್ತದೆ. ಅದನ್ನು ಒತ್ತಿದರೆ ಬ್ಯಾಂಕ್ ಖಾತೆಯೇ ಖಾಲಿಯಾದೀತು. ಮೆಸೇಜಿನಲ್ಲಿರುವ ಲಿಂಕು ಒತ್ತಬೇಡಿ. ನೀವೇ ಇ-ಚಲನ್ ಪರಿವಾಹನ್ ಪೋರ್ಟಲಿಗೆ ಹೋಗಿ ಗಾಡಿ ನಂಬರು ಹಾಕಿ ನೋಡಿ. ಅಲ್ಲಿ ಸೊನ್ನೆ ತೋರಿಸಿದರೂ ಬಿಡಬೇಡಿ. ಕರ್ನಾಟಕ ಪೊಲೀಸರ ಕಡೆಯ ಲೆಕ್ಕ ಬೇರೆಯಾಗಿಯೂ ನೋಡಬೇಕು. ಕರ್ನಾಟಕ ಒನ್ ಕೇಂದ್ರದಲ್ಲಿ ಕೇಳಬಹುದು, ಟ್ರಾಫಿಕ್ ಠಾಣೆಯಲ್ಲೂ ಕೇಳಬಹುದು. "ಹೆಸರು ಬದಲಾಯಿಸುವಾಗ ಬಾಕಿ ಏನೂ ಇಲ್ಲ ಅಂತಿತ್ತು" ಅಂತ ಬರೆದಿದ್ದೀರಲ್ಲ, ಅದು ಹೀಗೇ ಆಗಿರುತ್ತದೆ. ಗಡಿಯಲ್ಲಿ ಗಾಡಿ ತಗೊಳ್ಳುವವರು ಎರಡೂ ರಾಜ್ಯದ ಲೆಕ್ಕ ನೋಡಬೇಕು ಅಂತ ಯಾರೂ ಹೊರಗಿನವರಿಗೆ ಹೇಳುವುದಿಲ್ಲ. ಬ್ರೋಕರು ಅಂತೂ ಖಂಡಿತ ಹೇಳುವುದಿಲ್ಲ.

ನೋಟಿಸು ನಿಜ ಅಂತಾದರೆ ತಾರೀಕು ಹಿಡಿಯಿರಿ. ಮೋಟಾರು ವಾಹನ ಕಾಯ್ದೆ ಪ್ರಕಾರ ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರು. ದುಡ್ಡು ಕೊಟ್ಟ ದಿನ, ಕೀ ಕೈಗೆ ಬಂದ ದಿನ ಇವೆಲ್ಲ ಆಮೇಲಿನ ಮಾತು. ನಿಮ್ಮ ವಿಷಯದಲ್ಲಿ ತಪ್ಪು ನಡೆದದ್ದು ಹೋದ ವರ್ಷ, ಹೆಸರು ಬದಲಾದದ್ದು ಮೊನ್ನೆ. ಕಾನೂನು ಪೂರ್ತಿ ನಿಮ್ಮ ಕಡೆಗೇ ಉಂಟು. ಹೊಸ ಆರ್‌ಸಿ, ಮಾರಾಟದ ಕಾಗದ, ನೋಟಿಸಿನ ಪ್ರತಿ ಮೂರೂ ಸೇರಿಸಿ ಪೋರ್ಟಲಿನ ದೂರು ವಿಭಾಗದಲ್ಲಿ ಹಾಕಿ. ಠಾಣೆಗೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಆದರೆ ಒಂದು ಮಾತು. ಕಾನೂನು ಮನುಷ್ಯನನ್ನು ನೋಡುತ್ತದೆ, ಕಂಪ್ಯೂಟರು ನಂಬರನ್ನು ನೋಡುತ್ತದೆ. ನಾಳೆ ನೀವು ದಾವಣಗೆರೆಗೆ ವಾಪಸು ಹೋಗುವಾಗ ಈ ಕಾರಿಗೆ ಎನ್‌ಒಸಿ, ಅಂದರೆ ಇಲ್ಲಿಯ ಆರ್‌ಟಿಓದ ನಿರಾಕ್ಷೇಪಣಾ ಪತ್ರ ಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿಯ ನಂಬರು ಹಾಕಿಸಲೇಬೇಕಲ್ವಾ. ಎನ್‌ಒಸಿಯ ಅರ್ಜಿ ಫಾರಂ 28 ಹಾಕಿ ಕೂತಾಗ ಹಳೇ ಬಾಕಿ ಎದ್ದು ನಿಂತರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆಗ "ಅದು ನನ್ನದಲ್ಲ" ಅಂತ ವಾದ ಮಾಡುತ್ತಾ ಕೂರಲು ಯಾರಿಗೆ ಪುರುಸೊತ್ತು?

ನನಗೆ ಹೀಗೇ ಆಗಿತ್ತು, ತಿರುಗಾಮುರುಗಾ. ಕೆಲವು ವರ್ಷದ ಹಿಂದೆ ನಾನು ಮಂಗಳೂರು ಕಡೆಯಿಂದ ಒಂದು ಕೆಎ 19 ಕಾರು ತಗೊಂಡೆ. ಉಪ್ಪಳದ ಒಬ್ಬ ಬ್ರೋಕರು ಕೊಡಿಸಿದ್ದು. ಹೆಸರು ಬದಲಾಯಿಸುವ ಫಾರಂ 29, 30 ಖಾಲಿಯಾಗಿಯೇ ಸಹಿ ಹಾಕಿದ್ದನ್ನು ಕೈಗೆ ಕೊಟ್ಟು, "ನಿಧಾನಕ್ಕೆ ಮಾಡಿಸುವ, ಅರ್ಜೆಂಟ್ ಎಂತ" ಅಂದ. ಮಾರಿದವರು 14 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು, ಬೇರೆ ರಾಜ್ಯಕ್ಕಾದರೆ 45 ದಿನದೊಳಗೆ. ಇದು ನನಗೂ ಗೊತ್ತಿತ್ತು. ಗೊತ್ತಿದ್ದೂ ಹನ್ನೊಂದು ತಿಂಗಳು ಬೇರೆಯವರ ಹೆಸರಿನ ಕಾರು ಓಡಿಸಿದೆ. ಗಡಿಯವರ ದೊಡ್ಡ ಸೋಮಾರಿತನ ಇದು. ಯಾರಿಗಾದರೂ ಗುದ್ದಿದ್ದರೆ ಕೋರ್ಟು ಮೊದಲು ಕೇಳುತ್ತಿದ್ದದ್ದು ಆರ್‌ಸಿಯಲ್ಲಿ ಹೆಸರಿದ್ದ ಆ ಪಾಪದವರನ್ನು.

ಎನ್‌ಒಸಿಗೆ ಹೋದಾಗ 500 ರೂಪಾಯಿ ಪಾರ್ಕಿಂಗ್ ದಂಡ ಬಾಕಿ ಅಂತ ತೋರಿಸಿತು. ನಾನು ತಗೊಳ್ಳುವ ಮೊದಲಿನದ್ದು. 500 ಕಟ್ಟುವುದು ಕಷ್ಟವಲ್ಲ. ಕಷ್ಟ ಬಂದದ್ದು ಓಟಿಪಿಗೆ. ಅರ್ಜಿ ಮುಂದೆ ಹೋಗಬೇಕಾದರೆ ಆರ್‌ಸಿಯಲ್ಲಿರುವ ಮೊಬೈಲಿಗೆ ಓಟಿಪಿ ಬರಬೇಕು. ಮಾಲೀಕರು ಶಾರ್ಜಾಕ್ಕೆ ಹೋಗಿಯಾಗಿತ್ತು. ಅವರ ಇಲ್ಲಿಯ ಸಿಮ್ಮು ಮನೆಯಲ್ಲಿ, ತಾಯಿಯ ಹತ್ತಿರದ ಹಳೇ ಬಟನ್ ಫೋನಿನಲ್ಲಿ.

ಒಂದು ಭಾನುವಾರ ಅವರ ಮನೆಗೆ ಹೋದೆ. ತಾಯಿ ಒಳಗಿನ ಕೋಣೆಯಲ್ಲಿ ಫೋನಿಗೆ ಚಾರ್ಜು ಹಾಕಿ ಕೂತರು, ಸಿಗ್ನಲ್ ಸಿಗುವುದು ಅಲ್ಲೊಂದೇ ಜಾಗದಲ್ಲಿ. ನಾನು ಜಗಲಿಯಲ್ಲಿ. ಓಟಿಪಿ ಬಂತು. ಅವರು ಒಳಗಿಂದ ತುಳುವಿನಲ್ಲಿ ಕೂಗಿ ಹೇಳಿದರು: "ನಾಲ್, ಒಂಜಿ, ಎಣ್ಮ, ಎಣ್ಮ..." ನಾನು ಹಾಕುವಷ್ಟರಲ್ಲಿ ಸಮಯ ಮುಗಿದಿತ್ತು. ಎರಡನೇ ಸಲ ಸರಿಯಾಯಿತು. ಅಷ್ಟರಲ್ಲಿ ನೀರುದೋಸೆ ಬಂತು.

ತಿನ್ನುತ್ತಾ ದಂಡದ ತಾರೀಕು ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಅದು ನನ್ನ ಕಣ್ಣಿನ ಆಪರೇಷನ್ ದಿನ. ಮಗ ನನ್ನನ್ನು ಇಳಿಸಿ ಒಳಗೆ ಬಿಟ್ಟು ಬರುವಷ್ಟರಲ್ಲಿ ಪೊಲೀಸರು ಫೋಟೋ ತೆಗೆದಿದ್ದರಂತೆ" ಅಂದರು. ಎದ್ದು ಹೋಗಿ ಅಕ್ಕಿ ಡಬ್ಬದ ಹಿಂದಿನಿಂದ 500ರ ನೋಟು ತಂದರು. ನಾನು ತಗೊಳ್ಳಲಿಲ್ಲ. ಅದಕ್ಕೆ ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟು ಕಳಿಸಿದರು. ಲೆಕ್ಕ ಹಾಕಿದರೆ ನನಗೇ ಲಾಭ.

ಹಾಗಾಗಿ ಅರ್ಜಿ ಬರೆಯುವ ಮೊದಲು ನಿಮಗೆ ಮಾರಿದವರಿಗೆ ಒಂದು ಫೋನ್ ಮಾಡಿ. ಜಗಳದ ದನಿ ಬೇಡ. "ಹಿಂದಿನದ್ದೊಂದು ಬಾಕಿ ಬಂದಿದೆ ಮಾರಾಯ್ರೆ, ಸ್ವಲ್ಪ ನೋಡ್ತೀರಾ" ಅಂತ ಕೇಳಿ, ನೋಟಿಸಿನ ಫೋಟೋ ಕಳಿಸಿ. ಇಲ್ಲಿ ಮಾರಿದವರು, ತಗೊಂಡವರು ಒಂದೇ ಮದುವೆ ಊಟದಲ್ಲಿ, ಒಂದೇ ಯಕ್ಷಗಾನದ ಗದ್ದೆಯಲ್ಲಿ ಸಿಗುತ್ತಾರೆ. ಹತ್ತರಲ್ಲಿ ಎಂಟು ಜನ ಅವತ್ತೇ ಕಟ್ಟಿ ರಸೀದಿ ಕಳಿಸುತ್ತಾರೆ. ಉಳಿದ ಇಬ್ಬರು ರಿಯಾಯಿತಿ ಕಾಯುವವರು. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟಿನಲ್ಲಿ ಹಳೇ ಟ್ರಾಫಿಕ್ ದಂಡಕ್ಕೆ ಅರ್ಧ ಬೆಲೆ ಬಂದಿತ್ತು. ಅಂದಿನಿಂದ ನಮ್ಮ ಕಡೆ ಕೆಲವರು ಸೀರೆಗೆ ಆಷಾಢ ಸೇಲ್ ಕಾದ ಹಾಗೆ ಅದಕ್ಕೆ ಕಾಯುತ್ತಾರೆ. ಅಂಥವರಾದರೆ ನೀವೇ ಕಟ್ಟಿ, ರಸೀದಿ ಅವರಿಗೆ ಕಳಿಸಿ ಸುಮ್ನಿರಿ. ಮುಂದಿನ ಸಲ ಎದುರು ಸಿಕ್ಕಾಗ ಅವರೇ ಜೇಬಿಗೆ ಕೈ ಹಾಕುತ್ತಾರೆ.

ದೊಡ್ಡ ಮೊತ್ತ ಇದ್ದರೆ ಮಾತ್ರ ಹೀಗೆ ಉದಾರ ಆಗಬೇಡಿ. ಒಬ್ಬರ ಗಾಡಿಗೆ ಹದಿನಾರು ನೋಟಿಸು ಇದ್ದದ್ದು ನಾನೇ ನೋಡಿದ್ದೇನೆ. ಅಲ್ಲಿ ಕಾಗದವೇ ಮಾತಾಡಬೇಕು.

ಇನ್ನು ಕೇರಳದ ದಂಡ ಬಂದರೆ ಗಾಬರಿ ಆಗಬೇಡಿ. 2023ರ ಜೂನ್ 5ರಿಂದ ಇಲ್ಲಿ ಕ್ಯಾಮರಾಗಳೇ ದಂಡ ಹಾಕುತ್ತವೆ. ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ 250 ರೂಪಾಯಿ. ಕಾಗದ ಮಲಯಾಳದಲ್ಲಿ ಬಂದರೆ ಎರಡು ಪದ ಗೊತ್ತಿದ್ದರೆ ಸಾಕು. 'ಉಡಮ' ಅಂದರೆ ಮಾಲೀಕ. 'ಪಿೞ' ಅಂದರೆ ದಂಡ. ಆ ಕೊನೆಯ ಅಕ್ಷರ ಹಳಗನ್ನಡದಲ್ಲಿ ನಮಗೂ ಇತ್ತು, ನಾವು ಕಳಕೊಂಡೆವು, ಅವರು ಉಳಿಸಿಕೊಂಡರು. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ನೋಡಿ ಬೆಂಗಳೂರಿನಿಂದ ಬಂದಿದ್ದ ನನ್ನ ಅಳಿಯ "ಮಾವ, ಆರ್‌ಟಿಓದವರು ಪಿಜ್ಜಾ ಯಾಕೆ ಕಳಿಸ್ತಾರೆ?" ಅಂತ ಕೇಳಿದ್ದ. ನೋಟಿಸಿಗೆ ಉತ್ತರವನ್ನು ಕನ್ನಡದಲ್ಲೇ ಬರೆಯಬಹುದು. ಕನ್ನಡ ಅಲ್ಪಸಂಖ್ಯಾತರು ಇಲ್ಲಿಯ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಲು 1969ರ ಕೇರಳದ ಭಾಷಾ ಕಾಯ್ದೆಯಲ್ಲೇ ಅವಕಾಶ ಕೊಟ್ಟಿದ್ದರು. ಕೌಂಟರಿನಲ್ಲಿ ಕೂತವರಿಗೆ ಕನ್ನಡ ಬರುತ್ತದಾ ಇಲ್ಲವಾ ಅನ್ನುವುದು ಆ ದಿನದ ಅದೃಷ್ಟ. ಬರದಿದ್ದರೆ ಹತ್ತಿರದ ಅಕ್ಷಯ ಕೇಂದ್ರಕ್ಕೆ (ಸರ್ಕಾರಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಜಾಗ) ಹೋಗಿ, ಅಲ್ಲಿ ಟೈಪ್ ಮಾಡುವ ಹುಡುಗಿಯರು ಮೂರು ಭಾಷೆಯಲ್ಲಿ ದಾರಿ ಹೇಳುತ್ತಾರೆ.

ಮೊದಲು ಮಾರಿದವರಿಗೆ ಫೋನ್ ಮಾಡಿ. ಅವರು ಎತ್ತದಿದ್ದರೆ ಹೆಸರು ಮತ್ತು ಊರು ನನಗೆ ಹೇಳಿ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯವರಾದರೆ ಯಾರ ಮನೆಯ ಯಾರು ಅಂತ ಸಂಜೆಯೊಳಗೆ ಗೊತ್ತಾಗುತ್ತದೆ. ಠಾಣೆಗೇ ಹೋಗಬೇಕಾದರೆ ಶನಿವಾರ ನಾನೂ ಬರುತ್ತೇನೆ, ಮಂಗಳೂರಿನಲ್ಲಿ ಅಕ್ಕನ ಮನೆಗೆ ಹೋಗಲಿಕ್ಕೆ ಉಂಟು. ಬಸ್ಸಿನಲ್ಲೇ ಹೋಗುವ, ಕಾರು ಬೇಡ.